ಸಿಂಧುತ್ವ

ಯಲ್ಲಾಪುರದಿಂದ ಮೊದಲ ಬಸ್ಸು.
ಅರಬೈಲು ಘಟ್ಟದ ಯಾವುದೋ ತಿರುವಿನಲ್ಲಿ
ಮಗಳು ಕಿಟಕಿಯಾಚೆ ವಾಂತಿ ಮಾಡಿ
ಬಾಯಿ ಒರೆಸಿಕೊಂಡು ಕೇಳಿದಳು:
ಕಡಲು ಇನ್ನೆಷ್ಟು ದೂರ?

ನನ್ನ ಮಡಿಲಲ್ಲಿ ಪ್ಲಾಸ್ಟಿಕ್ ಚೀಲ.
ಅದರಲ್ಲಿ ಶಾಲೆಯ ದಾಖಲೆ, ರೇಷನ್ ಕಾರ್ಡು,
ಮೂರು ಕಾಗದದಲ್ಲಿ ಮೂರು ಥರ ಅಪ್ಪನ ಹೆಸರು:
ಬಸ್ತ್ಯಾಂವ್, ಬಸ್ತ್ಯಾವ,
ಒಂದರಲ್ಲಿ ಬಸವ.
ಎಲ್ಲದರ ಕೆಳಗೆ ಅರ್ಧ ಹೊಲಿದ ಕವದಿ.
ಕಾಯುವಾಗ ಕೈ ಸುಮ್ಮನಿರಬಾರದಲ್ಲ.

ಕಾರವಾರದ ಕಚೇರಿಯಲ್ಲಿ ಗುಮಾಸ್ತ
ಅರ್ಜಿ ನೋಡಿದ, ನನ್ನ ನೋಡಿದ,
ಮತ್ತೆ ನನ್ನ ಕೂದಲು ನೋಡಿದ.
"ಕನ್ನಡ ಚೊಲೋ ಮಾತಾಡ್ತೀರಿ."
"ನೀವೂ," ಅಂದೆ.

"ಮೂಲ ಎಲ್ಲಿ?"
"ಇಡಗುಂದಿಯಿಂದ ನಾಕು ಮೈಲು ಒಳಗ."
"ಅದಲ್ಲ. ಅದಕ್ಕೂ ಮೊದಲು?"

ಅದಕ್ಕೂ ಮೊದಲು ಕಾಡು.
ಅದಕ್ಕೂ ಮೊದಲು ಗೋವೆಯಲ್ಲೊಂದು ದೊಡ್ಡ ಮನೆ,
ಆ ಮನೆಯ ಲೆಕ್ಕದ ಪುಸ್ತಕದಲ್ಲಿ
ಕುದುರೆಯ ಕೆಳಗೆ, ಗಡಿಯಾರದ ಮೇಲೆ
ನಮ್ಮ ಬೆಲೆ.
ಒಂದು ರಾತ್ರಿ ಯಾರೋ ಎದ್ದು ಓಡಿದರು.
ಹೆಣ್ಣೋ ಗಂಡೋ, ಬೆನ್ನಿಗೆ ಮಗು ಇತ್ತೋ ಇಲ್ಲವೋ,
ನಾಯಿ ಬೊಗಳಿತೋ, ಅಥವಾ ಗುರುತು ಹಿಡಿದು ಸುಮ್ಮನಾಯಿತೋ.
ಅದಕ್ಕೂ ಮೊದಲು ನೀರು.
ನೀರಿನಾಚೆ ಒಂದು ಊರು ಇದ್ದಿರಬೇಕು,
ಅಲ್ಲಿ ಯಾರೋ ನಮ್ಮನ್ನು ಊಟಕ್ಕೆ ಕೂಗಿರಬೇಕು
ನಮಗೀಗ ಅರ್ಥವಾಗದ ಹೆಸರು ಹಿಡಿದು.

ಇದನ್ನೆಲ್ಲ ಹೇಳಲಿಲ್ಲ.
ಅರ್ಜಿಯಲ್ಲಿ ಜಾಗ ಒಂದೂವರೆ ಗೆರೆ.

"ಜಾತಿ ಪತ್ರ ಸಾಲದು, ಸಿಂಧುತ್ವ ಆಗಬೇಕು.
ಬುಧವಾರ ಬನ್ನಿ."

ಬೆಂಚಿನ ಮೇಲೆ ಕೂತು ಸೂಜಿ ತೆಗೆದೆ.
ಅಜ್ಜಿ ಕಿತೇರಿ ಹೇಳುತ್ತಿದ್ದಳು:
ಮೂಲೆಗಳಿಗೆ ಹೂ ಹೊಲಿಯದ ಕವದಿ ಬೆತ್ತಲೆ,
ಅದನ್ನು ಯಾರಿಗೂ ಹೊದಿಸಬೇಡ.
ಒಡೆಯರ ಹಿತ್ತಲಲ್ಲಿ ಅವಳು ಬೊಗಸೆಯೊಡ್ಡಿ
ಎತ್ತರದಿಂದ ಸುರಿದ ನೀರು ಕುಡಿದವಳು.
ಕೈಗೆ ಕೈ ತಾಗದ ಹಾಗೆ ಅವರು ಎಸೆದ
ಹಳೇ ಸೀರೆ, ಪಂಚೆ, ಮದುವೆಯ ಕುಪ್ಪಸ
ನಮ್ಮ ಕವದಿಯಲ್ಲಿ
ನಮ್ಮ ಲಂಗದ ಚೂರುಗಳ ಜೊತೆ
ಮೈಗೆ ಮೈ ತಾಗಿಸಿ ಮಲಗಿವೆ, ಎಷ್ಟೋ ವರ್ಷದಿಂದ.
ಮೈಲಿಗೆ ಯಾರಿಗೆ ತಟ್ಟಿತೋ ಕೇಳಬೇಕು.

ನನ್ನ ತಂಗಿ ಈಗ ಪಂಚಾಯತಿ ಮೆಂಬರು.
ಸಭೆಯಲ್ಲಿ ಕುರ್ಚಿ ಎಳೆದು ಕೂರುತ್ತಾಳೆ,
ಎಳೆಯುವ ಸದ್ದು ಬೇಕೆಂದೇ ಜೋರು.
ಅವಳ ಎದುರಿಗೂ ಚಹಾ ಬರುತ್ತದೆ.
ಕಪ್ಪು ಬೇರೆಯೋ ಎಂದು
ಅವಳು ಇವತ್ತಿಗೂ ಒಮ್ಮೆ ನೋಡುತ್ತಾಳೆ.

ಮಧ್ಯಾಹ್ನ ರಸ್ತೆ ದಾಟಿದರೆ ಕಡಲು.
ಅಜ್ಜಿ ಜೀವಮಾನದಲ್ಲಿ ಒಂದೇ ಸಲ ಅಂಕೋಲೆಗೆ ಬಂದು
ದಂಡೆಯಲ್ಲಿ ಅದಕ್ಕೆ ಬೆನ್ನು ಹಾಕಿ ಕೂತಿದ್ದಳಂತೆ.
ಹಿರಿಯರ ಪೂಜೆಯ ದಿನ ಡಮಾಮಿ ಬಡಿಯುವಾಗಲೂ
ಪಡುವಣಕ್ಕೆ ಬೆನ್ನು.
ಯಾಕೆಂದು ಕೇಳಿದರೆ,
ಗುರುತಿದ್ದವರು ಕಂಡಾರು ಅಂದಿದ್ದಳು.

ದೂರದಲ್ಲೊಂದು ಹಡಗು ನಿಂತಿತ್ತು.
ನನ್ನ ಹೊಟ್ಟೆಯೊಳಗೆ ಏನೋ ಬಿಗಿಯಿತು,
ಕಾಲಿನ ಮಣಿಗಂಟು ಮುಟ್ಟಿ ನೋಡಿಕೊಂಡೆ.
ಜುಲ್ಯಾನಾಗೆ ಅದು ಬರೀ ಹಡಗು.
ಇರಲಿ. ಬರೀ ಹಡಗೇ ಇರಲಿ.

"ಅವ್ವಾ, ಸಿಂಧು ಅಂದ್ರ ಕಡಲು ಅಂತನೂ ಅರ್ಥ ಐತಿ,
ಕನ್ನಡ ಮಾಸ್ತರು ಹೇಳ್ಯಾರ."
"ಹಂಗಾರ ಸಿಂಧುತ್ವ ಅಂದ್ರ?"
ಉತ್ತರ ಹೇಳಲು ಅವಳು ಅಲ್ಲಿರಲಿಲ್ಲ.
ಚಪ್ಪಲಿ ನನ್ನ ಮಡಿಲಿಗೆ ಎಸೆದು
ಒದ್ದೆ ಮರಳಿನ ಮೇಲೆ ಓಡುತ್ತಿದ್ದಳು,
ಹಿಂದೆ ಯಾರೂ ಅಟ್ಟಿಸಿಕೊಂಡು ಬರದ
ಓಟ.

ಎಷ್ಟು ಹೊತ್ತು ನೋಡಿದೆನೋ,
ನೆರಳು ಉದ್ದವಾದಾಗ ನೋಡಿಕೊಂಡೆ:
ಕಡಲಿಗೆ ಮುಖ ಮಾಡಿ ಕೂತಿದ್ದೇನೆ.

ಮೂರು ಮೂಲೆಗೆ ಹೂ ಆಯಿತು.
ಕೆಂಪು ದಾರ ಮುಗಿದಿದೆ,
ಇಲ್ಲಿಯ ಪೇಟೆಯಲ್ಲಿ ರೇಟು ಜಾಸ್ತಿ.
ಬುಧವಾರ ಊರಿಂದಲೇ ತರಬೇಕು.